ಹಸು, ಕುದುರೆ ಒಂದೇ ಕೊಟ್ಟಿಗೆಯಲ್ಲಿ



ನಮ್ಮ ಮನೆಯಲ್ಲಿ ಮೆರವಣಿಗೆಗೆ ಹೋಗುವ ಎರಡು ಕುದುರೆ, ಮಕ್ಕಳು ಮುದ್ದಿನಿಂದ ಸಾಕಿದ ಹಸು ಗೌರಿ, ಎಲ್ಲಾ ಒಟ್ಟಿಗೇ ಇವೆ. ಗೌರಿ ಕಾಣದಿದ್ದರೆ ಕುದುರೆಗಳು ಕೆನೆಯುತ್ತಾ ನಿಲ್ತವೆ. ಆದರೆ ತಿನ್ನೋದು ಒಂದೇ ಅಲ್ಲ ಸ್ವಾಮಿ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಮೆಲುಕು ಹಾಕುತ್ತದೆ. ಕುದುರೆಗೆ ಒಂದೇ, ಅದಕ್ಕೆ ವಾಂತಿಯೂ ಬಾರದು. ಒಂದು ರಾತ್ರಿ ಗಂಡುಕುದುರೆ ಹಗ್ಗ ಬಿಡಿಸಿಕೊಂಡು ಗೌರಿಯ ಫೀಡ್ ಚೀಲ ಹರಿದು ಮುಕ್ಕಿತು. ಬೆಳಗಿನ ಜಾವ ಹೊಟ್ಟೆನೋವಿನಿಂದ ಹೊರಳಾಡುತ್ತಿತ್ತು. ಚೀಲ ಒಳಗಿಡದೆ ಇದ್ದದ್ದು ನಮ್ಮದೇ ತಪ್ಪು. ಡಾಕ್ಟರು ಬಂದು ಉಳಿಸಿದರು. ಕೆಲವು ಪಶು ಆಹಾರಕ್ಕೆ ಸೇರಿಸುವ ಮೊನೆನ್ಸಿನ್ ಎಂಬ ಔಷಧಿ ದನಕ್ಕೆ ಒಗ್ಗಿದರೂ ಕುದುರೆಯ ಹೃದಯಕ್ಕೆ ವಿಷವೆಂದು ಅವರಿಂದಲೇ ನಮಗೆ ತಿಳಿದದ್ದು. ಈಗ ಚೀಲ ಬೀಗದೊಳಗೆ, ಕುದುರೆಗೆ ಹುಲ್ಲು, ನೆನೆಸಿದ ಹುರುಳಿ. ಕುದುರೆ ಇಟ್ಟವರು ಸಂಘದಲ್ಲಿ ಮೂಟೆ ಎತ್ತುವ ಮೊದಲು ಅದರ ಮೇಲಿನ ಚೀಟಿ ಓದಿಸಿಕೊಳ್ಳಿ, ನಾವೂ ಓದಿ ಹೇಳ್ತೀವಿ.