ಮಿನಾದಲ್ಲಿ ನಮ್ಮ ಮಕ್ಕಳ ಸೇವೆ



ಬಕ್ರೀದ್ ದಿನ ಸೌದಿಯಲ್ಲಿರುವ ಮಗ ಫೋನ್ ಮಾಡಲಿಲ್ಲವೆಂದು ತಾಯಂದಿರು ಬೇಸರಿಸುವುದುಂಟು. ಅವನು ಎಲ್ಲಿದ್ದನೆಂದು ಕೇಳಿ ನೋಡಿ. ಜಿದ್ದಾದ ಅಂಗಡಿ, ಕಂಪೆನಿಗಳಲ್ಲಿ ದುಡಿಯುವ ನಮ್ಮ ಅನೇಕ ಯುವಕರು ಸಿಕ್ಕ ನಾಲ್ಕು ದಿನಗಳ ಈದ್ ರಜೆಯನ್ನು ಮಿನಾದಲ್ಲಿ ಹಾಜಿಗಳ ಸೇವೆಗೆ ಕೊಡುತ್ತಾರೆ. ಸಂಬಳವಿಲ್ಲ. ಅಲ್ಲಿ ಡೇರೆಗಳೆಲ್ಲ ಒಂದೇ ಬಿಳಿ ಬಣ್ಣ, ಒಂದೇ ಆಕಾರ. ಜಮ್ರಾದಲ್ಲಿ ಕಲ್ಲೆಸೆದು ಮರಳುವ ವೃದ್ಧರು ದಾರಿ ತಪ್ಪುತ್ತಾರೆ. ಬ್ಯಾರಿ, ಕನ್ನಡ ಬಿಟ್ಟು ಬೇರೆ ಮಾತು ಬಾರದೆ ಅಳುತ್ತಾ ಕೂರುತ್ತಾರೆ. ಅವರ ಕೈಪಟ್ಟಿ ಓದಿ, ಗಾಲಿಕುರ್ಚಿಯಲ್ಲಿ ಕೂರಿಸಿ ಡೇರೆಗೆ ತಲುಪಿಸುವುದು, ನೀರು ಕುಡಿಸುವುದು ಈ ಹುಡುಗರ ಕೆಲಸ. (ಫೋಟೋಗಾಗಿ ಮಾತ್ರ ಜಾಕೆಟ್ ತೊಡುವವರ ಮಾತು ಬೇರೆ.) 2024ರ ಹಜ್ಜಿನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತು, 1,300ಕ್ಕೂ ಹೆಚ್ಚು ಮಂದಿ ಮರಣ ಹೊಂದಿದರು. ಒಂದು ಬಾಟಲಿ ನೀರಿನ ಬೆಲೆ ಅಲ್ಲಿ ಏನೆಂದು ಯೋಚಿಸಿ.

ಹಾಜಿಗಳಿಗೆ ನೀರುಣಿಸುವ ಹೊಣೆ ಹಝ್ರತ್ ಅಬ್ಬಾಸ್(ರ)ರದಾಗಿತ್ತು. ಹಾಜಿಗಳು ಮಿನಾದಲ್ಲೇ ಕಳೆಯಬೇಕಾದ ರಾತ್ರಿಗಳಲ್ಲಿ, ಆ ಕೆಲಸಕ್ಕಾಗಿ ಮಕ್ಕಾದಲ್ಲಿ ತಂಗಲು ಪ್ರವಾದಿ(ಸ)ರು ಅವರಿಗೆ ಅನುಮತಿ ಕೊಟ್ಟರೆಂದು ಬುಖಾರಿಯಲ್ಲಿದೆ. ಮಗನ ಫೋನ್ ಎರಡು ದಿನ ತಡವಾದರೆ ನಾವೂ ಸಹಿಸೋಣ.

ಈ ಸಲ ಹೊರಡುವ ಹಿರಿಯರಿಗೆ, ಕೈಪಟ್ಟಿ ಬಿಚ್ಚಬಾರದೆಂದು ಮನೆಯಲ್ಲೇ ಹೇಳಿ ಕಳುಹಿಸಿ. ಅದಿಲ್ಲದಿದ್ದರೆ ಆ ಹುಡುಗರು ಬಿಸಿಲಲ್ಲಿ ಅರ್ಧ ದಿನ ಅಲೆಯಬೇಕಾಗುತ್ತದೆ.