ಸೊನ್ನೆಯೂ ಮೌನವೂ ಒಂದಲ್ಲ



ಗುಜರಾತಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡಿಗರಿಗೆ ಮಳೆಗಾಲ ಬಂತೆಂದರೆ ಒಂದು ಕಣ್ಣು ಆಕಾಶದ ಮೇಲೆ, ಇನ್ನೊಂದು ಕಣ್ಣು ನದಿಯ ಮೇಲೆ. 2006ರ ಆಗಸ್ಟ್ ತಿಂಗಳನ್ನು ಸೂರತ್‌ನವರು ಮರೆತಿಲ್ಲ. ಉಕಾಯಿ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಹೊರಬಂದು, ನಗರದ ಬಹುಭಾಗ ಮುಳುಗಿತು. ವಡೋದರಾದಲ್ಲಿ 2024ರ ಆಗಸ್ಟ್ ಕೊನೆಗೆ ವಿಶ್ವಾಮಿತ್ರಿ ಉಕ್ಕಿ ಬೀದಿ ಬೀದಿಗೂ ನುಗ್ಗಿತು.

ತಾಪಿ ನದಿ ಹುಟ್ಟುವುದು ಮಧ್ಯಪ್ರದೇಶದ ಮುಲ್ತಾಯಿಯಲ್ಲಿ. ಸಮುದ್ರ ಸೇರುವ ಹೊತ್ತಿಗೆ 724 ಕಿಲೋಮೀಟರ್ ಹರಿದಿರುತ್ತದೆ. ಸೂರತ್‌ನಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲೆ ಬುರ್ಹಾನ್‌ಪುರ, ಭುಸಾವಳದ ಕಡೆ ಮಳೆ ಹೊಡೆಯುತ್ತಿರಬಹುದು. ಆ ನೀರು ಸೂರತ್‌ಗಿಂತ ಸುಮಾರು 100 ಕಿಲೋಮೀಟರ್ ಮೇಲಿರುವ ಉಕಾಯಿಗೆ ಬಂದು ನಿಲ್ಲುತ್ತದೆ. ಗೇಟು ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು ಎಂದು ತೀರ್ಮಾನಿಸುವವರಿಗೆ ನೀರಿಗಿಂತ ಮೊದಲು ಲೆಕ್ಕ ಬಂದು ಮುಟ್ಟಬೇಕು. ಆ ಲೆಕ್ಕ ಕಳಿಸುವ ದೂರದ ಪೆಟ್ಟಿಗೆ ಮಾತು ನಿಲ್ಲಿಸಿದರೆ ಏನು ಮಾಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ಸೇತುವೆಯ ಪಕ್ಕದಲ್ಲೋ ಹೊಲದ ನಡುವೆಯೋ ಕಂಬಕ್ಕೆ ಸಿಕ್ಕಿಸಿದ ಲೋಹದ ಪೆಟ್ಟಿಗೆ, ಮೇಲೊಂದು ಸೋಲಾರ್ ಫಲಕ ನೋಡಿರುತ್ತೀರಿ. ಒಳಗೆ ಇಬ್ಬರು ಮುಖ್ಯಸ್ಥರು. ಒಬ್ಬ ಡೇಟಾ ಲಾಗರ್, ಹಳ್ಳಿಯ ಶ್ಯಾನುಭೋಗರಂತೆ ಹೊತ್ತುಹೊತ್ತಿಗೆ ಮಳೆ ಎಷ್ಟು, ನೀರಿನ ಮಟ್ಟ ಎಷ್ಟು ಎಂದು ಬರೆದಿಡುವವನು. ಇನ್ನೊಬ್ಬ ಮೋಡೆಮ್, ಆ ಲೆಕ್ಕವನ್ನು ಊರಿಗೆ ಮುಟ್ಟಿಸುವ ಟಪಾಲಿನವನು. ಟಪಾಲು ನಿಂತಿತು ಎಂದ ಮಾತ್ರಕ್ಕೆ ಶ್ಯಾನುಭೋಗರು ಬರೆಯುವುದನ್ನು ನಿಲ್ಲಿಸಿದ್ದಾರೆ ಎಂದಲ್ಲ. ಆದ್ದರಿಂದ ಸ್ಥಳಕ್ಕೆ ಹೋದವರು ಮೊದಲು ಲ್ಯಾಪ್‌ಟಾಪ್ ಜೋಡಿಸಿ ಒಳಗಿನ ದಾಖಲೆಯನ್ನು ಇಳಿಸಿಕೊಳ್ಳಬೇಕು. ಅವಸರಪಟ್ಟು ಲಾಗರನ್ನೇ ರೀಸೆಟ್ ಮಾಡಿದರೆ ಕೆಲವು ಉಪಕರಣಗಳಲ್ಲಿ ಬರೆದಿಟ್ಟದ್ದೂ ಅಳಿಸಿ ಹೋಗುತ್ತದೆ.

ಹೊರಡುವ ಮುನ್ನ ಕಚೇರಿಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸುಮ್ಮನಾದದ್ದು ಒಂದೇ ಕೇಂದ್ರವೋ, ಹಲವೋ? ಹತ್ತು ಕೇಂದ್ರಗಳು ಒಂದೇ ಗಳಿಗೆಯಲ್ಲಿ ಮಾತು ನಿಲ್ಲಿಸಿದರೆ ದೋಷ ಕಚೇರಿಯ ಕಂಪ್ಯೂಟರಿನಲ್ಲೋ ಮೊಬೈಲ್ ಜಾಲದಲ್ಲೋ ಇರುವ ಸಾಧ್ಯತೆಯೇ ಹೆಚ್ಚು. ಒಂದೇ ಆದರೆ ಜೀಪು ಹತ್ತಬೇಕು.

ಅಲ್ಲಿ ಮೊದಲು ನೋಡುವುದು ಬ್ಯಾಟರಿ. 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸರಿಯಾಗಿಯೇ ಕಾಣುತ್ತದೆ. ಮೋಡೆಮ್ ಕರೆ ಮಾಡುವ ಕ್ಷಣದಲ್ಲಿ ವಿದ್ಯುತ್ತನ್ನು ಜಗ್ಗಿ ಎಳೆಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಆಗ ವೋಲ್ಟೇಜ್ ಕುಸಿದು ಮೋಡೆಮ್ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮೀಟರ್ ಹಿಡಿಯಬೇಕಾದದ್ದು ಕರೆ ಹೋಗುತ್ತಿರುವಾಗ. ನಾಲ್ಕು ದಿನ ಮೋಡ ಕವಿದರೆ ಫಲಕಕ್ಕೆ ಬಿಸಿಲಿಲ್ಲ. ಅಂದರೆ ಮಳೆ ಜೋರಾದಾಗಲೇ ಬ್ಯಾಟರಿ ಸೊರಗುವುದು.

ಎರಡನೆಯದು ಕೇಬಲ್. ಲಾಗರ್ ಮತ್ತು ಮೋಡೆಮ್ ನಡುವೆ ಆರ್‌ಎಸ್-232 ತಂತಿ ಇದ್ದರೆ ಅದರ ಉದ್ದ 15 ಮೀಟರಿನ ಒಳಗಿರುವುದು ಕ್ಷೇಮ. ಅದಕ್ಕಿಂತ ದೂರಕ್ಕೆ ಆರ್‌ಎಸ್-485 ಬೇಕು. ಅದು 1200 ಮೀಟರ್‌ವರೆಗೂ ಹೋಗುತ್ತದೆ. ಎರಡೂ ಕಡೆ ವೇಗ ಒಂದೇ ಇರಬೇಕು. ಒಂದು 9600, ಇನ್ನೊಂದು 19200 ಎಂದಿದ್ದರೆ ಬರುವುದು ಬರೀ ಕಲಸುಮೇಲೋಗರ. ಕೇಬಲ್ ಮೇಲೆ ಅನುಮಾನವಿದ್ದರೆ ಅದರ ಒಂದು ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಜೋಡಿಸಿ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆಗೆ ಮರಳಿ ಬಂದರೆ ಆ ಎರಡು ತಂತಿಗಳು ಸರಿ. ಇಲಿ ಕಡಿದ ಜಾಗ, ಪೈಪಿನೊಳಗೆ ನಿಂತ ನೀರು, ಸಮುದ್ರದ ಉಪ್ಪುಗಾಳಿಗೆ ಹಸಿರುಗಟ್ಟಿದ ಕನೆಕ್ಟರ್, ಇವೆಲ್ಲ ಕಣ್ಣಿಗೇ ಕಾಣುತ್ತವೆ.

ಮೂರನೆಯದು ಮೋಡೆಮ್. ಅದಕ್ಕೆ ‘ಎಟಿ’ ಎಂದು ಟೈಪ್ ಮಾಡಿದರೆ ‘ಓಕೆ’ ಎಂದು ಉತ್ತರಿಸಬೇಕು. ನಾವು ‘ಏನಪ್ಪಾ, ಇದ್ದೀಯಾ?’ ಎಂದು ಕೂಗಿದ ಹಾಗೆ. ಸಿಗ್ನಲ್ ಎಷ್ಟಿದೆ ಎಂದು ಕೇಳಿದರೆ 0ಯಿಂದ 31ರೊಳಗಿನ ಸಂಖ್ಯೆ ಹೇಳುತ್ತದೆ. 99 ಎಂದರೆ ಗೊತ್ತಾಗುತ್ತಿಲ್ಲ ಎಂದರ್ಥ. ಆಗ ಆಂಟೆನಾ, ಅದರ ತಂತಿ ನೋಡಿ. ಸಿಮ್ ಅವಧಿ ಮುಗಿದಿದೆಯೇ ಎಂದೂ ಕೇಳಿ. ಹಳೆಯ 2ಜಿ ಮೋಡೆಮಿಗೆ ಬರೀ 4ಜಿ ಸೇವೆಯ ಸಿಮ್ ಹಾಕಿದರೆ ಅದು ಎಂದೂ ಮಾತನಾಡುವುದಿಲ್ಲ. ಯಾವುದನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಡೈರಿಯಲ್ಲಿ ಬರೆಯಿರಿ.

ರೇಡಿಯೋದವರಾದ ನಮಗೆ ಮೌನದ ಬೆಲೆ ಗೊತ್ತು. ನಿಲಯ ಸುಮ್ಮನಾದರೆ ‘ಹೇಳಲು ಸುದ್ದಿ ಇಲ್ಲ’ ಎಂದು ಯಾರೂ ತಿಳಿಯುವುದಿಲ್ಲ, ಏನೋ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಅದೇ ಕಂಪ್ಯೂಟರು, ಬಾರದ ಮಳೆಯ ಲೆಕ್ಕವನ್ನು ‘0’ ಎಂದು ಕೂಡಿಕೊಂಡರೆ? ಮೇಲೆ ಮಳೆಯೇ ಇಲ್ಲ ಎಂದು ಕೆಳಗಿನವರು ನೆಮ್ಮದಿಯಿಂದ ಮಲಗುತ್ತಾರೆ. ಬಾರದ ಕಡೆ ‘ಬಂದಿಲ್ಲ’ ಎಂದೇ ನಮೂದಾಗಬೇಕು. ಇದರ ಇನ್ನೊಂದು ಮುಖವೂ ಉಂಟು. ಮಳೆಮಾಪಕದ ಬಾಯಿಗೆ ಎಲೆ ಸಿಕ್ಕಿಕೊಂಡರೆ ಮೋಡೆಮ್ ಚೆನ್ನಾಗಿದ್ದು, ಚಾಚೂ ತಪ್ಪದೆ ಸುಳ್ಳು ಸೊನ್ನೆಯನ್ನೇ ಕಳಿಸುತ್ತಿರುತ್ತದೆ. ಅಕ್ಕಪಕ್ಕದ ಕೇಂದ್ರಗಳ ಲೆಕ್ಕದೊಡನೆ ತಾಳೆ ನೋಡಿದರೆ ಅದು ಸಿಕ್ಕಿಬೀಳುತ್ತದೆ.

ಊರಲ್ಲಿರುವ ನಿಮ್ಮ ಬಂಧುಗಳಿಗೂ ಇದು ಸಂಬಂಧಪಟ್ಟದ್ದೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಇಂಥ ಮಳೆಮಾಪಕಗಳನ್ನು ನಿಲ್ಲಿಸಿ, 15 ನಿಮಿಷಕ್ಕೊಮ್ಮೆ ಲೆಕ್ಕ ತರಿಸುವ ವ್ಯವಸ್ಥೆ ಮಾಡಿದೆ. ನೆರೆಯಲ್ಲಿ ಮೊಬೈಲ್ ಟವರಿಗೇ ಕರೆಂಟು ಹೋಗಬಹುದು. ಅದಕ್ಕಾಗಿ ಮುಖ್ಯ ಕೇಂದ್ರಗಳಿಗೆ ಇನ್ಸಾಟ್ ಉಪಗ್ರಹದಂಥ ಎರಡನೆಯ ದಾರಿ ಇರಬೇಕು. 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಇಂಥ ದೂರದ ಪೆಟ್ಟಿಗೆಗಳ ಮಾತನ್ನು ಭೂಮಿಗೆ ದಾಟಿಸುವ ಸಾಧನವನ್ನೂ ಹೊತ್ತಿದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಈ ಕೆಲಸದಲ್ಲಿರುವ ಶ್ರೋತೃಗಳೇ, ಜೂನ್ ಬರುವ ಮೊದಲೇ ಬ್ಯಾಟರಿ, ಕೇಬಲ್, ಸಿಮ್ ಒಮ್ಮೆ ನೋಡಿಬಿಡಿ. ಉಳಿದವರು ಅಂಥ ಪೆಟ್ಟಿಗೆಯ ತಂತಿ ಜೋತುಬಿದ್ದದ್ದೋ, ಫಲಕ ಒಡೆದದ್ದೋ ಕಂಡರೆ ಅದರ ಮೇಲೆ ಬರೆದಿರುವ ಇಲಾಖೆಗೆ ಒಂದು ಫೋನ್ ಮಾಡಿ.