ಬುಟ್ಟಿಗೆ ಸಾಲ ಸಿಕ್ಕಿತು, ಬುಟ್ಟಿ ಇಡುವ ಜಾಗ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ, ಬೀದಿ ಬದಿ ವ್ಯಾಪಾರ ಮಾಡುವ ಸದಸ್ಯೆಯರಿಗಾಗಿ ನೀಡಿದ ಮಾಹಿತಿ ಭಾಷಣ)



ನಿಮ್ಮಲ್ಲಿ ಹೂ ಕಟ್ಟಿ ಮಾರುವವರಿದ್ದೀರಿ. ಸೊಪ್ಪು, ತರಕಾರಿ, ಮೀನು ಮಾರುವವರಿದ್ದೀರಿ. ಗಾಡಿಯಲ್ಲಿ ಇಡ್ಲಿ, ಬೋಂಡ ಮಾಡುವವರೂ ಇದ್ದೀರಿ. ಸ್ವಸಹಾಯ ಸಂಘಕ್ಕೆ ಸೇರಿದ ಮೇಲೆ ನಿಮ್ಮ ಬದುಕಿನಲ್ಲಿ ಆದ ಬದಲಾವಣೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಾರ ವಾರ ಉಳಿತಾಯ ಕಟ್ಟಿದಿರಿ. ಬಡ್ಡಿಯವರ ಮನೆ ಬಾಗಿಲಲ್ಲಿ ನಿಲ್ಲುವುದು ತಪ್ಪಿತು. ಬ್ಯಾಂಕಿನ ಮ್ಯಾನೇಜರ ಮುಂದೆ ಕುಳಿತು ಮಾತಾಡುವ ಧೈರ್ಯ ಬಂತು. ಇದು ಸಣ್ಣ ಸಾಧನೆ ಅಲ್ಲ.

ಆದರೆ ಇವತ್ತು ನಾವೆಲ್ಲ ಸೇರಿ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಸಂಘ ನಿಮಗೆ ಬುಟ್ಟಿ ತುಂಬಲು ಸಾಲ ಕೊಟ್ಟಿತು. ಆ ಬುಟ್ಟಿಯನ್ನು ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬಹುದು, ಅದಕ್ಕೆ ಎಷ್ಟು ಶುಲ್ಕ ಎಂದು ತೀರ್ಮಾನ ಮಾಡುವವರು ಯಾರು? ಆ ತೀರ್ಮಾನ ಆಗುವ ಕೋಣೆಯಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಸದಸ್ಯೆ ಸಂಘದಿಂದ 10,000 ರೂಪಾಯಿ ಸಾಲ ತೆಗೆದು ಹಣ್ಣಿನ ವ್ಯಾಪಾರ ಶುರು ಮಾಡಿದಳು ಎಂದುಕೊಳ್ಳಿ. ರಸ್ತೆ ಅಗಲ ಮಾಡುತ್ತೇವೆಂದೋ, ದೊಡ್ಡವರು ಬರುತ್ತಾರೆಂದೋ ಒಂದು ಬೆಳಿಗ್ಗೆ ಲಾರಿ ಬಂದು ತಕ್ಕಡಿ, ಹಣ್ಣು, ಗಾಡಿ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಅರ್ಧ ಗಂಟೆಯಲ್ಲಿ ಬಂಡವಾಳ ಹೋಯಿತು, ಸಾಲ ಮಾತ್ರ ಉಳಿಯಿತು. ಮುಂದಿನ ವಾರ ಅವಳ ಕಂತು ಬರಲಿಲ್ಲ. ಅವಳ ಜವಾಬ್ದಾರಿ ಉಳಿದ ಸದಸ್ಯೆಯರ ಮೇಲೆ ಬಿತ್ತು. ಅಕ್ಕಂದಿರಲ್ಲೇ ಮನಸ್ತಾಪ ಆಯಿತು. ಅಂದರೆ ರಸ್ತೆಯಲ್ಲಿ ಒಬ್ಬಳಿಗೆ ಆದ ಅನ್ಯಾಯ ಇಡೀ ಸ್ವಸಹಾಯ ಸಂಘವನ್ನೇ ಅಲುಗಾಡಿಸುತ್ತದೆ. ಆದ್ದರಿಂದಲೇ ಉಳಿತಾಯದ ಸಂಘದ ಜೊತೆಗೆ, ನಮ್ಮ ಪರವಾಗಿ ಮಾತಾಡುವ ವ್ಯಾಪಾರಿಗಳ ಸಂಘವೂ ಬೇಕು ಎಂದು ನಾವು ಹೇಳುತ್ತಿರುವುದು.

ಕಾನೂನು ಹೇಗೆ ಬಂತು?

1972ರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಇಳಾ ಭಟ್ ಎಂಬ ತಾಯಿ, ತಲೆಹೊರೆ ಹೊರುವವರು, ಚಿಂದಿ ಬಟ್ಟೆ ಮಾರುವವರು, ತರಕಾರಿ ಮಾರುವವರು ಮುಂತಾದ ಹೆಂಗಸರನ್ನು ಸೇರಿಸಿ 'ಸೇವಾ' ಎಂಬ ಸಂಘಟನೆ ಕಟ್ಟಿದರು. ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆಯವರು ತಕರಾರು ತೆಗೆದರು. "ನಿಮಗೆ ಯಜಮಾನರೇ ಇಲ್ಲವಲ್ಲ, ಯಾರ ವಿರುದ್ಧ ಯೂನಿಯನ್?" ಎಂಬುದು ಅವರ ಪ್ರಶ್ನೆ. ಯಾರ ವಿರುದ್ಧವೂ ಅಲ್ಲ, ದುಡಿಯುವ ಹೆಂಗಸರ ಒಗ್ಗಟ್ಟಿಗಾಗಿ ಎಂದು ಇವರು ಪಟ್ಟು ಹಿಡಿದರು. ನೋಂದಣಿ ಆಯಿತು.

1989ರಲ್ಲಿ ಸುಪ್ರೀಂ ಕೋರ್ಟ್ ಬೀದಿ ವ್ಯಾಪಾರ ಮಾಡುವುದೂ ಸಂವಿಧಾನ ಕೊಟ್ಟ ಹಕ್ಕು ಎಂದು ಒಪ್ಪಿಕೊಂಡಿತು. ಆದರೆ ಇಂಥದೇ ಜಾಗ ನನ್ನದು ಎಂದು ಯಾರೂ ಹಕ್ಕು ಸಾಧಿಸುವಂತಿಲ್ಲ ಎಂದೂ ಹೇಳಿತು. ಹಾಗಾದರೆ ಜಾಗ ಹಂಚುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಒಂದು ಕಾನೂನು ಬೇಕೆಂದು ವ್ಯಾಪಾರಿಗಳ ಸಂಘಟನೆಗಳು ವರ್ಷಗಟ್ಟಲೆ ಓಡಾಡಿದವು. 1998ರಲ್ಲಿ 'ನಾಸ್ವಿ' ಎಂಬ ರಾಷ್ಟ್ರಮಟ್ಟದ ಒಕ್ಕೂಟ ಹುಟ್ಟಿತು. 2004ರಲ್ಲಿ ರಾಷ್ಟ್ರೀಯ ನೀತಿ ಬಂತು. 2010ರಲ್ಲಿ ಸುಪ್ರೀಂ ಕೋರ್ಟ್ ಕಾನೂನು ಮಾಡಿ ಎಂದು ಸರ್ಕಾರಕ್ಕೆ ಹೇಳಿತು. ಕೊನೆಗೆ 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯಿದೆ ಜಾರಿಯಾಯಿತು. ಯಾರೋ ದಯೆ ತೋರಿ ಕೊಟ್ಟ ಕಾನೂನು ಇದಲ್ಲ. ನಿಮ್ಮಂಥವರೇ ಸಂಘ ಕಟ್ಟಿ ತಂದದ್ದು.

ಕಾನೂನಿನಲ್ಲಿ ಏನಿದೆ?

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಇರುವ ಊರುಗಳಿಗೆ ಈ ಕಾಯಿದೆ ಅನ್ವಯಿಸುತ್ತದೆ. ಐದು ವರ್ಷಕ್ಕೆ ಒಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜನಸಂಖ್ಯೆಯ ಶೇಕಡ 2.5ರ ಮಿತಿಯೊಳಗೆ, ಸಮೀಕ್ಷೆಯಲ್ಲಿ ಸಿಕ್ಕ ಎಲ್ಲರಿಗೂ ಜಾಗ ಒದಗಿಸಬೇಕು. 40,000 ಜನರಿರುವ ಊರಾದರೆ ಇದು 1,000 ವ್ಯಾಪಾರಿಗಳ ಲೆಕ್ಕ. ಸ್ಥಳ ಬದಲಿಸಬೇಕಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿ ಕೊಡಬೇಕು. ಹೂವು, ಹಣ್ಣು, ಮೀನಿನಂತಹ ಕೆಡುವ ವಸ್ತುಗಳನ್ನು ನೀವು ಕೇಳಿದ ದಿನವೇ ವಾಪಸು ಕೊಡಬೇಕು. ಕೆಡದ ವಸ್ತುಗಳನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟಣ ವ್ಯಾಪಾರ ಸಮಿತಿ. ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಮಿತಿಯಲ್ಲಿ 20 ಜನ ಇದ್ದರೆ 8 ಮಂದಿ ವ್ಯಾಪಾರಿಗಳು, ಅವರಲ್ಲಿ 3 ಮಂದಿ ಹೆಂಗಸರು. ಪೊಲೀಸರು, ಅಂಗಡಿ ಮಾಲೀಕರ ಸಂಘ, ಬಡಾವಣೆಯ ಸಂಘ, ಬ್ಯಾಂಕು, ಎಲ್ಲರ ಪ್ರತಿನಿಧಿಗಳಿಗೂ ಅಲ್ಲಿ ಜಾಗ ಇದೆ. ಅವರು ತಯಾರಾಗಿ ಬರುತ್ತಾರೆ. ನಾವು ಸಂಘಟಿತರಾಗದಿದ್ದರೆ ಆ 3 ಕುರ್ಚಿಗಳಲ್ಲಿ ನಮಗೆ ಪರಿಚಯವೇ ಇಲ್ಲದವರು ಕುಳಿತಿರಬಹುದು, ಇಲ್ಲವೇ ನಮ್ಮವರೇ ಕುಳಿತರೂ ಏನು ಕೇಳಬೇಕೆಂದು ತಿಳಿಯದೆ ಸಹಿ ಹಾಕಿ ಬರಬಹುದು.

ಇನ್ನೊಂದು ಉದಾಹರಣೆ ಹೇಳುತ್ತೇವೆ. ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ಪಿ.ಎಂ. ಸ್ವನಿಧಿ ಯೋಜನೆ ಶುರುವಾದಾಗ ಮೊದಲ ಸಾಲ 10,000 ರೂಪಾಯಿವರೆಗೆ ಇತ್ತು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಬೇಕಾಗಿತ್ತು. ಅದನ್ನು ಕೊಡುವಾಗ ವ್ಯಾಪಾರಿಗಳ ಸಂಘದ ಸದಸ್ಯತ್ವವನ್ನೂ ಒಂದು ಆಧಾರವಾಗಿ ನೋಡಬಹುದು ಎಂದು ಮಾರ್ಗಸೂಚಿಯಲ್ಲೇ ಇತ್ತು. ಇಪ್ಪತ್ತು ವರ್ಷ ರಸ್ತೆಯಲ್ಲಿ ಕುಳಿತರೂ ಅದಕ್ಕೆ ಕಾಗದದ ಸಾಕ್ಷಿ ಇಲ್ಲದ ಹೆಂಗಸಿಗೆ ಒಂದು ಸದಸ್ಯತ್ವದ ಕಾರ್ಡು ಎಷ್ಟು ದೊಡ್ಡದು, ಯೋಚಿಸಿ.

ನಿಮ್ಮ ಅನುಮಾನಗಳು

"ಸಿಸ್ಟರ್, ಮಾತಾಡಿದವಳ ಬುಟ್ಟೀನೇ ಮೊದಲು ಎತ್ತುತ್ತಾರೆ" ಎಂದು ನೀವು ಹೇಳುತ್ತೀರಿ. ಈ ಹೆದರಿಕೆ ಸುಳ್ಳಲ್ಲ. ಆದ್ದರಿಂದಲೇ ಒಬ್ಬಳೇ ಹೋಗಬಾರದು. ಅರ್ಜಿ ಸಂಘದ ಹೆಸರಿನಲ್ಲಿ ಹೋಗಲಿ, ಹತ್ತು ಜನ ಒಟ್ಟಿಗೆ ಹೋಗಿ ಕೊಡಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರಲಿ. ಶುಭಸಂದೇಶದಲ್ಲಿ ನ್ಯಾಯಕ್ಕಾಗಿ ಪದೇ ಪದೇ ನ್ಯಾಯಾಧೀಶನ ಬಾಗಿಲಿಗೆ ಹೋದ ವಿಧವೆಯ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಅವಳ ಜೊತೆ ಇನ್ನೂ ಒಂಬತ್ತು ಜನ ಹೋಗಿದ್ದರೆ ಅವಳು ಅಷ್ಟು ಸಾರಿ ನಡೆಯಬೇಕಾಗಿತ್ತೇ?

"ನಾಯಕರು ದುಡ್ಡು ತಿಂತಾರೆ, ಚುನಾವಣೆ ಬಂದಾಗ ನಮ್ಮನ್ನು ಮಾರ್ಕೊಳ್ತಾರೆ" ಎನ್ನುವುದೂ ಇದೆ. ಅಂಥ ಸಂಘಗಳೂ ಉಂಟು. ಆದರೆ ಲೆಕ್ಕ ನೋಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಸೇರುವ ಮುಂಚೆ ಕೇಳಿ: ಚಂದಾಕ್ಕೆ ರಸೀದಿ ಇದೆಯೇ? ವರ್ಷಕ್ಕೊಮ್ಮೆ ಲೆಕ್ಕ ಸಭೆಯಲ್ಲಿ ಓದುತ್ತಾರೆಯೇ? ಪದಾಧಿಕಾರಿಗಳ ಆಯ್ಕೆ ನಡೆಯುತ್ತದೆಯೇ? ಹೆಂಗಸರಿಗೆ ಸ್ಥಾನ ಇದೆಯೇ, ಅಥವಾ ಮೆರವಣಿಗೆಗೆ ಮಾತ್ರ ಕರೆಯುತ್ತಾರೆಯೇ? ಉತ್ತರ ಸರಿಯಿಲ್ಲದಿದ್ದರೆ ನೀವೇ ಸಂಘ ಮಾಡಿಕೊಳ್ಳಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಪ್ರಕಾರ ಏಳು ಜನ ಸೇರಿದರೂ ಸಾಕು.

"ಇನ್ನೊಂದು ಮೀಟಿಂಗಿಗೆ ಪುರುಸೊತ್ತು ಎಲ್ಲಿ?" ಎಂದು ಕೇಳುವವರಿಗೆ ನಮ್ಮ ಸಲಹೆ ಇಷ್ಟೇ. ತಿಂಗಳಿಗೊಂದು ಸಭೆ, ವ್ಯಾಪಾರ ಮುಗಿದ ಮೇಲೆ, ಮಾರುಕಟ್ಟೆಯ ಹತ್ತಿರವೇ ಆಗಲಿ. ಮನೆಯ ಗಂಡಸರಿಗೂ ವಿಷಯ ತಿಳಿಸಿ.

ಸಂಘ ಎಂದರೆ ಬರೀ ಕೇಳುವುದಲ್ಲ. ನಡೆಯುವವರಿಗೆ ದಾರಿ ಬಿಡುವುದು, ಕಸ ಅಲ್ಲೇ ಬಿಟ್ಟು ಹೋಗದಿರುವುದು, ತೂಕದಲ್ಲಿ ಮೋಸ ಮಾಡದಿರುವುದು, ಈ ಶಿಸ್ತನ್ನೂ ಸಂಘವೇ ತರಬೇಕು. ಆಗ ಶೌಚಾಲಯ, ಕುಡಿಯುವ ನೀರು, ನೆರಳು ಕೊಡಿ ಎಂದು ಕೇಳುವ ನಮ್ಮ ಮಾತಿಗೆ ತೂಕ ಬರುತ್ತದೆ.

ಈ ತಿಂಗಳು ಏನು ಮಾಡೋಣ?

ಮೊದಲು, ಪ್ರತಿ ಸ್ವಸಹಾಯ ಸಂಘದಲ್ಲೂ ಬೀದಿ ವ್ಯಾಪಾರ ಮಾಡುವವರ ಪಟ್ಟಿ ಮಾಡಿ: ಹೆಸರು, ಜಾಗ, ಎಷ್ಟು ವರ್ಷದಿಂದ, ಪ್ರಮಾಣಪತ್ರ ಇದೆಯೇ ಇಲ್ಲವೇ. ಎರಡನೆಯದು, ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಕಚೇರಿಯಲ್ಲಿ ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, ಬರೆಯಲು ನಮ್ಮ ಕಾರ್ಯಕರ್ತೆಯರು ಸಹಾಯ ಮಾಡುತ್ತಾರೆ. ಮೂರನೆಯದು, ಮುಂದಿನ ಒಕ್ಕೂಟದ ಸಭೆಗೆ ಪ್ರತಿ ಮಾರುಕಟ್ಟೆಯಿಂದ ಇಬ್ಬರು ಆ ಪಟ್ಟಿ ಹಿಡಿದು ಬನ್ನಿ. ಯಾವ ಸಂಘಕ್ಕೆ ಸೇರಬೇಕು, ಅಥವಾ ಹೊಸದು ಕಟ್ಟಬೇಕೇ ಎಂದು ಅಲ್ಲಿ ನೀವೇ ತೀರ್ಮಾನಿಸಿ.

1891ರಲ್ಲೇ ಜಗದ್ಗುರು ಹದಿಮೂರನೆಯ ಲಿಯೊ ಅವರು ದುಡಿಯುವವರಿಗೆ ಸಂಘ ಕಟ್ಟುವ ಹಕ್ಕಿದೆ ಎಂದು ಸಾರಿದ್ದರು. ನಮ್ಮ ಹಿರಿಯರು ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದಿದ್ದಾರೆ. ಉಳಿತಾಯದಲ್ಲಿ ಇದನ್ನು ನೀವು ಮಾಡಿ ತೋರಿಸಿದ್ದೀರಿ, ಇನ್ನು ಹಕ್ಕಿನ ವಿಷಯದಲ್ಲೂ ಮಾಡಬಲ್ಲಿರಿ.

 ದೇವರು ನಿಮ್ಮ ದುಡಿಮೆಯನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.